ಕಾಲು ಕಿಲೋಮೀಟರ್ ಕಪ್ಪು ರೀಲು

ಶನಿವಾರ ಸಂಜೆ ಪೇಟೆಯಿಂದ ಬರುವ ಕೊನೆಯ ಬಸ್ಸು. ಹಿಂದಿನ ಸೀಟಿನಲ್ಲಿ ಬೆಡ್‌ಶೀಟು ಸುತ್ತಿದ ಕಲರ್ ಟಿ.ವಿ., ಅದನ್ನು ಎರಡೂ ಕಡೆಯಿಂದ ಹಿಡಿದು ಕುಳಿತ ಇಬ್ಬರು. ಬಾಡಿಗೆ ಅಂಗಡಿಯಿಂದ ಜೊತೆಗೆ ಬಂದ ಹುಡುಗನ ತೊಡೆಯ ಮೇಲೆ ವಿಸಿಆರ್, ಕೈಚೀಲದಲ್ಲಿ ಮೂರು ಕ್ಯಾಸೆಟ್. 1980ರ ದಶಕದ ನಡುವಿನ ಕರ್ನಾಟಕದ ಯಾವ ಹಳ್ಳಿಯಲ್ಲಾದರೂ ಇದು ನಡೆದೀತು. ಮನೆಮನೆಯಿಂದ ಚಂದಾ ಎತ್ತಿದ್ದಾರೆ. ಶಾಲೆಯ ಜಗಲಿಯ ಮೇಲೆ ಟಿ.ವಿ. ಕೂರುತ್ತದೆ, ಅಂಗಳದಲ್ಲಿ ಚಾಪೆ, ಗೋಣಿಚೀಲ, ಮಣೆ. ಹಿರಿಯರಿಗೆಂದು ಮೊದಲು ಒಂದು ಭಕ್ತಿಯ ಚಿತ್ರ, ನಡುರಾತ್ರಿಗೆ ಸಾಂಸಾರಿಕ, ಬೆಳಗಿನ ಜಾವಕ್ಕೆ ಹೊಡೆದಾಟದ್ದು. ನಡುವೆ ಪರದೆ ತುಂಬ ಬಿಳಿ ಗೆರೆ ಎದ್ದರೆ ಹುಡುಗ ಯಂತ್ರದ ಮುಚ್ಚಳ ತೆಗೆದು, ಗರಿಗರಿಯಾದ ನೋಟೊಂದನ್ನು ಕೇಳಿ ಪಡೆದು, ಟೇಪಿನಿಂದ ಚಿತ್ರ ಓದುವ ಹೆಡ್ ಉಜ್ಜುತ್ತಿದ್ದ. ಚಿತ್ರ ಮತ್ತೆ ತಿಳಿಯಾದಾಗ ಅಂಗಳದ ತುಂಬ ಉದ್ಗಾರ.

ಆ ರಾತ್ರಿಗಳನ್ನು ಕಂಡವರ ಮನೆಯ ಅಟ್ಟದಲ್ಲೋ ಮಂಚದ ಕೆಳಗೋ ಇಂದಿಗೂ ಒಂದಷ್ಟು ಕ್ಯಾಸೆಟ್ಟುಗಳಿವೆ. ಮದುವೆಯದು, ಗೃಹಪ್ರವೇಶದ್ದು, ಯಾವುದೋ ಆಟದ್ದು, ಟಿ.ವಿ.ಯಿಂದ ಹಿಡಿದಿಟ್ಟ ಸಿನಿಮಾದ್ದು. ಹಾಕಿ ನೋಡಲು ಯಂತ್ರವಿಲ್ಲ, ಎಸೆಯಲು ಮನಸ್ಸಿಲ್ಲ. ಎಸೆಯುವುದಾದರೂ ಎಲ್ಲಿಗೆಂದು ಗೊತ್ತಿಲ್ಲ. ಈ ಕಪ್ಪು ಪೆಟ್ಟಿಗೆ ಎಲ್ಲಿಂದ ಬಂತು, ಒಳಗೆ ಏನಿದೆ, ಈಗ ಅದನ್ನು ಏನು ಮಾಡಬೇಕು ಎನ್ನುವುದನ್ನು ಒಮ್ಮೆ ಸಾವಧಾನವಾಗಿ ನೋಡಬೇಕಿದೆ. ಮುಂದೂಡಲು ಹೆಚ್ಚು ಸಮಯ ಉಳಿದಿಲ್ಲ.

ಬೀರುವಿನಷ್ಟು ದೊಡ್ಡ ಯಂತ್ರ

ಧ್ವನಿಯನ್ನು ಟೇಪಿನಲ್ಲಿ ಹಿಡಿಯುವುದು ಎರಡನೇ ಮಹಾಯುದ್ಧದ ಹೊತ್ತಿಗೇ ಸಾಧ್ಯವಾಗಿತ್ತು. ಚಿತ್ರ ಮಾತ್ರ ಸುಲಭಕ್ಕೆ ಸಿಗಲಿಲ್ಲ. ಚಲಿಸುವ ಚಿತ್ರದಲ್ಲಿ ಪ್ರತಿ ಕ್ಷಣಕ್ಕೂ ತುಂಬಬೇಕಾದ ಮಾಹಿತಿ ಧ್ವನಿಯದಕ್ಕಿಂತ ನೂರಾರು ಪಟ್ಟು ಹೆಚ್ಚು. ಅಷ್ಟನ್ನೂ ಹಿಡಿಯಬೇಕಾದರೆ ಟೇಪು ಹೆಡ್ಡಿನ ಮುಂದೆ ಭಯಂಕರ ವೇಗದಲ್ಲಿ ಓಡಬೇಕಿತ್ತು.

ಅಮೆರಿಕದ ಆಂಪೆಕ್ಸ್ ಕಂಪನಿ 1956ರ ಏಪ್ರಿಲ್‌ನಲ್ಲಿ ಷಿಕಾಗೊ ನಗರದಲ್ಲಿ ನಡೆದ ಪ್ರಸಾರಕರ ಸಮ್ಮೇಳನದಲ್ಲಿ ಇದಕ್ಕೊಂದು ದಾರಿ ತೋರಿಸಿತು. ಚಾರ್ಲ್ಸ್ ಗಿನ್ಸ್‌ಬರ್ಗ್ ಮುಂದಾಳತ್ವದ ಆ ತಂಡದಲ್ಲಿ ರೇ ಡಾಲ್ಬಿ ಎಂಬ ತರುಣನೂ ಇದ್ದ. ಮುಂದೆ ಸಿನಿಮಾ ಮಂದಿರಗಳ ಧ್ವನಿಗೆ ಅಂಟಿಕೊಂಡದ್ದು ಅವನ ಹೆಸರೇ. ಟೇಪನ್ನು ವೇಗವಾಗಿ ಓಡಿಸುವ ಬದಲು ಅವರು ಹೆಡ್ಡನ್ನೇ ಗಿರಗಿರ ತಿರುಗಿಸಿದರು. ಟೇಪಿನ ಅಗಲ ಎರಡು ಅಂಗುಲ, ಯಂತ್ರದ ಬೆಲೆ ಸುಮಾರು 50 ಸಾವಿರ ಡಾಲರ್. ಟಿ.ವಿ. ಕೇಂದ್ರಗಳಷ್ಟೇ ಕೊಳ್ಳಬಲ್ಲ ವಸ್ತು ಅದು.

ಅಲ್ಲಿಂದ ಮನೆಯೊಳಕ್ಕೆ ಬರಲು ಇಪ್ಪತ್ತು ವರ್ಷ ಹಿಡಿಯಿತು. 1965ರಲ್ಲಿ ಸೋನಿ ಮನೆಗೆಂದೇ ಬಿಡಿ ಸುರುಳಿಯ ರೆಕಾರ್ಡರ್ ತಂದಿತು. ಟೇಪನ್ನು ಕೈಯಿಂದ ಪೋಣಿಸಬೇಕಾಗಿದ್ದರಿಂದ ಅದು ಜನಕ್ಕೆ ಒಗ್ಗಲಿಲ್ಲ. 1971ರಲ್ಲಿ ಬಂದ ಯು-ಮ್ಯಾಟಿಕ್ ಟೇಪನ್ನು ಡಬ್ಬಿಯೊಳಗೆ ಸೇರಿಸಿತು. ದೊಡ್ಡದೂ ದುಬಾರಿಯೂ ಆದ್ದರಿಂದ ಅದು ಶಾಲೆ, ಕಚೇರಿ, ಸುದ್ದಿಮನೆಗಳ ಪಾಲಾಯಿತು. ಮರುವರ್ಷ ಯುರೋಪಿನಲ್ಲಿ ಫಿಲಿಪ್ಸ್ ತನ್ನದೇ ಕ್ಯಾಸೆಟ್ ಯಂತ್ರ ಬಿಟ್ಟಿತು. ಕಡೆಗೆ ಸೋನಿಯ ಬೀಟಾಮ್ಯಾಕ್ಸ್ 1975ರಲ್ಲಿ, ಜೆವಿಸಿಯ ವಿಎಚ್‌ಎಸ್ 1976ರಲ್ಲಿ ಬಂದವು. ಎರಡೂ ಜಪಾನಿನವು, ಎರಡರ ಟೇಪೂ ಅರ್ಧ ಅಂಗುಲ ಅಗಲದ್ದು. ಆದರೂ ಒಂದರ ಕ್ಯಾಸೆಟ್ ಇನ್ನೊಂದರೊಳಗೆ ಹೋಗದು.

ಓರೆ ಗೆರೆಯ ಉಪಾಯ

ನಾವು ದಿನಾ ಬಳಸಿಯೂ ಒಳಗೆ ಇಣುಕಿ ನೋಡದ ವಸ್ತುಗಳಲ್ಲಿ ವಿಎಚ್‌ಎಸ್ ಒಂದು. ಕ್ಯಾಸೆಟ್ ತಳ್ಳಿದೊಡನೆ ಕೇಳುವ ಆ ಗರಗರ ಸದ್ದಿನಲ್ಲಿ ಏನೇನು ನಡೆಯುತ್ತದೆಂದು ತಿಳಿದರೆ ಅದನ್ನು ರೂಪಿಸಿದವರ ಬಗ್ಗೆ ಗೌರವ ಹುಟ್ಟುತ್ತದೆ.

ಮೊದಲು ಕ್ಯಾಸೆಟ್ಟಿನ ಮುಂಬದಿಯ ಬಾಗಿಲು ಮೇಲೇಳುತ್ತದೆ. ಯಂತ್ರದ ಎರಡು ಕಂಬಿಗಳು ಟೇಪನ್ನು ಹೊರಗೆಳೆದು, ತುಸು ವಾಲಿಸಿ ನಿಲ್ಲಿಸಿದ ಅಲ್ಯೂಮಿನಿಯಂ ಡ್ರಮ್ಮಿನ ಸುತ್ತ ಅರ್ಧ ಸುತ್ತು ಹೊದಿಸುತ್ತವೆ. ಡ್ರಮ್ಮಿನ ವ್ಯಾಸ 62 ಮಿಲಿಮೀಟರ್. ನಮ್ಮ ದೇಶದ ಟಿ.ವಿ. ಪ್ರಸಾರದ ಪಾಲ್ ಪದ್ಧತಿಯಲ್ಲಿ ಅದು ಸೆಕೆಂಡಿಗೆ 25 ಸುತ್ತು ತಿರುಗುತ್ತದೆ. ಅದರ ಅಂಚಿನಲ್ಲಿ ಎದುರುಬದುರಾಗಿ ಎರಡು ಪುಟ್ಟ ಹೆಡ್‌ಗಳಿವೆ. ಡ್ರಮ್ಮು ವಾಲಿರುವುದರಿಂದ ಹೆಡ್ಡು ಟೇಪಿನ ಉದ್ದಕ್ಕೆ ನೇರವಾಗಿ ಗೀಚದೆ ಓರೆಯಾಗಿ ಗೀಚುತ್ತದೆ. ಬಾಳೆಕಾಯಿಯನ್ನು ಅಡ್ಡಕ್ಕೆ ಹೆಚ್ಚಿದರೆ ಸಣ್ಣ ಬಿಲ್ಲೆ, ಓರೆಗೆ ಹೆಚ್ಚಿದರೆ ಉದ್ದನೆಯ ಹೋಳು ಸಿಗುತ್ತದಲ್ಲ, ಹಾಗೆಯೇ ಇಲ್ಲೂ ಅರ್ಧ ಅಂಗುಲದ ಪಟ್ಟಿಯಲ್ಲಿ ಉದ್ದನೆಯ ಗೆರೆಗೆ ಜಾಗ ಸಿಗುತ್ತದೆ. ಒಂದೊಂದು ಗೆರೆಯಲ್ಲಿ ಅರ್ಧರ್ಧ ಚಿತ್ರ. ಗೆರೆಯ ಅಗಲ 49 ಮೈಕ್ರಾನ್, ತಲೆಗೂದಲಿಗಿಂತ ಸಣ್ಣದು. ಸೆಕೆಂಡಿಗೆ ಇಂಥ 50 ಗೆರೆ.

ಮೂರು ಗಂಟೆಯ ಕ್ಯಾಸೆಟ್ಟಿನಲ್ಲಿರುವ ಟೇಪು ಸುಮಾರು 258 ಮೀಟರ್, ಕಾಲು ಕಿಲೋಮೀಟರಿಗೆ ತುಸು ಹೆಚ್ಚು. ಅದರ ಮೇಲೆ 5 ಲಕ್ಷ 40 ಸಾವಿರ ಓರೆ ಗೆರೆಗಳು ಒಂದಕ್ಕೊಂದು ತಾಗಿಕೊಂಡಿರುತ್ತವೆ. ಹೆಡ್ಡು ಟೇಪನ್ನು ಸವರುವ ವೇಗ ಸೆಕೆಂಡಿಗೆ ಐದು ಮೀಟರಿಗೆ ಹತ್ತಿರ. ಟೇಪು ತಾನು ಸರಿಯುವುದು ಸೆಕೆಂಡಿಗೆ ಬರೀ 23 ಮಿಲಿಮೀಟರ್‌ನಷ್ಟು. ಈ ಉಪಾಯವಿಲ್ಲದೆ ಟೇಪನ್ನೇ ನೇರವಾಗಿ ಓಡಿಸಿದ್ದರೆ ಮೂರು ಗಂಟೆಯ ಒಂದು ಸಿನಿಮಾಕ್ಕೆ 50 ಕಿಲೋಮೀಟರಿಗೂ ಹೆಚ್ಚು ಉದ್ದದ ರೀಲು ಬೇಕಿತ್ತು. ಬೆಂಗಳೂರಿನಿಂದ ರಾಮನಗರದವರೆಗೆ ಹಾಸಬಹುದಾದಷ್ಟು.

ಟೇಪೆಂದರೆ ಪಾಲಿಯೆಸ್ಟರ್ ಹಾಳೆ. ಅದರ ಮೇಲೆ ಕಬ್ಬಿಣದ ಆಕ್ಸೈಡಿನ ನವುರಾದ ಪುಡಿಯನ್ನು ಪಾಲಿಯುರಿಥೇನ್ ಅಂಟಿನಲ್ಲಿ ಕಲಸಿ ಬಳಿದಿರುತ್ತಾರೆ. ಕಬ್ಬಿಣದ ಕಣಗಳು ಯಾವ ದಿಕ್ಕಿಗೆ ಕಾಂತಗೊಂಡಿವೆ ಎನ್ನುವುದೇ ಚಿತ್ರ. ಈ ಅಂಟಿನ ಹೆಸರನ್ನು ನೆನಪಿಡಿ. ಮುಂದೆ ಬರುವ ತೊಂದರೆಗಳಲ್ಲಿ ಹಲವು ಇದರಿಂದಲೇ.

ಒಂದು ಗಂಟೆ, ಎರಡು ಗಂಟೆ

ಬೀಟಾಮ್ಯಾಕ್ಸ್ ಮೊದಲು ಬಂತು, ಕ್ಯಾಸೆಟ್ಟು ಚಿಕ್ಕದು, ಚಿತ್ರ ತುಸು ಚೆನ್ನ ಎಂಬ ಹೆಸರೂ ಇತ್ತು. ಆದರೂ ಸೋತಿತು. ಮೊದಲ ಬೀಟಾ ಕ್ಯಾಸೆಟ್ಟಿನಲ್ಲಿ ಹಿಡಿಸುತ್ತಿದ್ದದ್ದು ಒಂದೇ ಗಂಟೆ. ವಿಎಚ್‌ಎಸ್ ಎರಡು ಗಂಟೆಯೊಂದಿಗೇ ಹುಟ್ಟಿತು. ಒಂದು ಇಡೀ ಸಿನಿಮಾ, ಒಂದು ಇಡೀ ಪಂದ್ಯ ಹಿಡಿಯುವುದೆಂದರೆ ಜನಕ್ಕೆ ಅದೇ ಮುಖ್ಯವಾಗಿತ್ತು.

ಆ ಎರಡು ಗಂಟೆ ಆಕಸ್ಮಿಕವಲ್ಲ. ಜೆವಿಸಿಯ ಯುಮಾ ಶಿರಾಯಿಶಿ ಮತ್ತು ಶಿಜುವೊ ತಕಾನೊ 1971ರಲ್ಲೇ ಮನೆಯ ವಿಡಿಯೋ ಯಂತ್ರ ಹೇಗಿರಬೇಕೆಂದು ಒಂದು ಪಟ್ಟಿ ಬರೆದುಕೊಂಡಿದ್ದರು. ಇದ್ದ ಟಿ.ವಿ.ಗೇ ಜೋಡಿಸಲು ಬರಬೇಕು, ಎರಡು ಗಂಟೆಯಾದರೂ ಹಿಡಿಸಬೇಕು, ಬೆಲೆ ಕೈಗೆಟುಕಬೇಕು, ರಿಪೇರಿ ಸುಲಭವಿರಬೇಕು. ಕಂಪನಿಯ ವಿಡಿಯೋ ವಿಭಾಗ ನಷ್ಟದಲ್ಲಿತ್ತು. ಮರುವರ್ಷ ಈ ಕೆಲಸಕ್ಕೆ ಹಣ ನಿಂತಿತು. ಇಬ್ಬರೂ ಸದ್ದಿಲ್ಲದೆ ಮುಂದುವರಿಸಿದರು. ಜಗತ್ತಿನ ಕೋಟ್ಯಂತರ ಮನೆಗಳಿಗೆ ಹೋದ ಯಂತ್ರ ಹೀಗೆ ಬದುಕಿಕೊಂಡದ್ದು.

ಜೆವಿಸಿ ತನ್ನ ವಿನ್ಯಾಸವನ್ನು ಮ್ಯಾಟ್ಸುಶಿತಾ, ಹಿಟಾಚಿ, ಶಾರ್ಪ್ ಮೊದಲಾದವರಿಗೆ ಧಾರಾಳವಾಗಿ ಕೊಟ್ಟಿತು. ತಯಾರಕರು ಹೆಚ್ಚಿದಂತೆ ಬೆಲೆ ಇಳಿಯಿತು, ಬೆಲೆ ಇಳಿದಂತೆ ವಿಡಿಯೋ ಅಂಗಡಿಗಳ ಕಪಾಟಿನಲ್ಲಿ ವಿಎಚ್‌ಎಸ್ ತುಂಬಿತು. 1988ರಲ್ಲಿ ಸ್ವತಃ ಸೋನಿಯೇ ವಿಎಚ್‌ಎಸ್ ಯಂತ್ರ ಮಾಡತೊಡಗಿತು. ಫಿಲಿಪ್ಸ್ ಮತ್ತು ಗ್ರುಂಡಿಗ್ 1979ರಲ್ಲಿ ತಂದಿದ್ದ, ತಿರುವಿ ಹಾಕಬಲ್ಲ ಕ್ಯಾಸೆಟ್ಟಿನ ವಿಡಿಯೋ 2000 ಕೂಡ ಅದೇ ಹೊತ್ತಿಗೆ ಮುಗಿದಿತ್ತು.

ಈ ನಡುವೆ ಹಾಲಿವುಡ್ಡಿನ ಯೂನಿವರ್ಸಲ್ ಮತ್ತು ಡಿಸ್ನಿ ಕಂಪನಿಗಳು ಸೋನಿಯನ್ನು ಕೋರ್ಟಿಗೆಳೆದಿದ್ದವು. ಮನೆಯಲ್ಲಿ ಟಿ.ವಿ. ಕಾರ್ಯಕ್ರಮ ಹಿಡಿದಿಟ್ಟುಕೊಳ್ಳುವುದೇ ಕಳ್ಳತನ ಎನ್ನುವುದು ಅವರ ವಾದ. 1984ರ ಜನವರಿಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಐದಕ್ಕೆ ನಾಲ್ಕರ ಬಹುಮತದಿಂದ ಸೋನಿಯ ಪರ ತೀರ್ಪಿತ್ತಿತು. ಆಮೇಲೆ ನೋಡಲೆಂದು ಹಿಡಿದಿಟ್ಟುಕೊಳ್ಳುವುದು ವೀಕ್ಷಕನ ನ್ಯಾಯಯುತ ಬಳಕೆ ಎಂದಿತು. ಕೆಲವೇ ವರ್ಷಗಳಲ್ಲಿ ಅದೇ ಸ್ಟುಡಿಯೋಗಳಿಗೆ ಟಾಕೀಸಿಗಿಂತ ಕ್ಯಾಸೆಟ್ಟೇ ಹೆಚ್ಚು ಹಣ ತಂದುಕೊಟ್ಟಿತು.

ಗಲ್ಫಿನಿಂದ ಬಂದ ಪೆಟ್ಟಿಗೆ

ಬೆಂಗಳೂರು ದೂರದರ್ಶನ ಕೇಂದ್ರ ಶುರುವಾದದ್ದು 1981ರ ನವೆಂಬರ್ 1ರಂದು. ದೇಶದಲ್ಲಿ ಬಣ್ಣದ ಪ್ರಸಾರ ಬಂದದ್ದು 1982ರಲ್ಲಿ, ದೆಹಲಿ ಏಷ್ಯನ್ ಕ್ರೀಡಾಕೂಟದ ವರ್ಷ. ಆದರೆ ಬೆಂಗಳೂರಿನ ಪ್ರಸಾರ ಮಲೆನಾಡಿನ ಗುಡ್ಡ ದಾಟುತ್ತಿರಲಿಲ್ಲ, ಕರಾವಳಿಗೆ ಇಳಿಯುತ್ತಿರಲಿಲ್ಲ. ಹಾಗಾಗಿ ನಮ್ಮ ನಾಡಿನ ಎಷ್ಟೋ ಊರುಗಳಲ್ಲಿ ದೂರದರ್ಶನಕ್ಕಿಂತ ಮೊದಲು ಬಂದದ್ದು ವಿಡಿಯೋ. ಆಂಟೆನಾ ಇಲ್ಲದ ಮನೆಯಲ್ಲೂ ಟಿ.ವಿ. ಇರುತ್ತಿತ್ತು, ಕ್ಯಾಸೆಟ್ ಹಾಕಲೆಂದೇ.

ತಂದವರು ಹೆಚ್ಚಾಗಿ ದುಬೈ, ಮಸ್ಕತ್, ದೋಹಾ, ಕುವೈತ್‌ಗಳಲ್ಲಿ ದುಡಿಯುತ್ತಿದ್ದ ಮಂಗಳೂರು, ಉಡುಪಿ, ಭಟ್ಕಳ ಕಡೆಯವರು. ರಜೆಯಲ್ಲಿ ಊರಿಗೆ ಬರುವಾಗ ಸೆಂಟು, ಕಂಬಳಿ, ಟೇಪ್ ರೆಕಾರ್ಡರಿನ ಜೊತೆಗೆ ನ್ಯಾಷನಲ್ ಇಲ್ಲವೇ ಅಕಾಯ್ ಹೆಸರಿನ ವಿಸಿಆರ್. ಕ್ಯಾಸೆಟ್ಟು ಎರಡೂ ದಿಕ್ಕಿಗೆ ಪಯಣಿಸಿತು. ಅಲ್ಲಿಂದ ಸಿನಿಮಾ ಬಂದರೆ, ರಜೆ ಸಿಗದ ಅಣ್ಣನಿಗೆ ತಂಗಿಯ ಮದುವೆಯ ಕ್ಯಾಸೆಟ್ ಇಲ್ಲಿಂದ ಹೋಯಿತು. ಕಾಗದದಲ್ಲಿ ಹೇಳಲಾಗದ ಎಷ್ಟೋ ಸಂಗತಿ ಅದರಲ್ಲಿ ಹೋಯಿತು.

ಪೇಟೆಗಳಲ್ಲಿ ಕ್ಯಾಸೆಟ್ ಲೈಬ್ರರಿಗಳು ಹುಟ್ಟಿದವು. ಠೇವಣಿ, ದಿನದ ಬಾಡಿಗೆ, ರಿವೈಂಡ್ ಮಾಡಿಯೇ ವಾಪಸ್ ಕೊಡಬೇಕೆಂಬ ಗೋಡೆಬರಹ. ರಾತ್ರಿ ಬಸ್ಸುಗಳ ಹಣೆಯ ಮೇಲೆ ‘ವಿಡಿಯೋ ಕೋಚ್’ ಎಂಬ ಹೆಸರು ಮೂಡಿತು. ತೆಂಗಿನ ಗರಿಯ ಚಪ್ಪರದಲ್ಲಿ ವಿಡಿಯೋ ಪಾರ್ಲರ್ ನಡೆಯಿತು. ಬಿಡುಗಡೆಯ ವಾರದಲ್ಲೇ ಹೊಸ ಚಿತ್ರದ ಕಳ್ಳಪ್ರತಿ ಹರಿದಾಡತೊಡಗಿದಾಗ ಟಾಕೀಸಿನವರೂ ನಿರ್ಮಾಪಕರೂ ಕಂಗಾಲಾದರು. ವಿಸಿಆರ್ ಮೂಲಕ ಟಿ.ವಿ. ಪರದೆಯಲ್ಲಿ ಸಿನಿಮಾ ಪ್ರದರ್ಶಿಸುವುದನ್ನು ನಿಯಂತ್ರಿಸಲೆಂದೇ ಕರ್ನಾಟಕ 1980ರ ದಶಕದ ಮೊದಲರ್ಧದಲ್ಲಿ ಪ್ರತ್ಯೇಕ ಕಾಯ್ದೆ ಮಾಡಿತು. ಕೇಂದ್ರ ಸರ್ಕಾರ 1984ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ತಂದು ಕಳ್ಳಪ್ರತಿಗೆ ಕನಿಷ್ಠ ಆರು ತಿಂಗಳ ಸೆರೆ, 50 ಸಾವಿರ ರೂಪಾಯಿ ದಂಡ ಇಟ್ಟಿತು.

ಸಿನಿಮಾವಷ್ಟೇ ಅಲ್ಲ. ಟಿ.ವಿ. ಸುದ್ದಿಯೆಂದರೆ ಸರ್ಕಾರದ್ದು ಮಾತ್ರವಾಗಿದ್ದ ಕಾಲದಲ್ಲಿ, 1988ರಿಂದ ‘ನ್ಯೂಸ್‌ಟ್ರ್ಯಾಕ್’ ಎಂಬ ಇಂಗ್ಲಿಷ್ ಸುದ್ದಿಪತ್ರಿಕೆ ವಿಡಿಯೋ ಕ್ಯಾಸೆಟ್ಟಿನಲ್ಲೇ ಹೊರಬಂತು. ದೂರದರ್ಶನ ತೋರಿಸದ ಗಲಭೆ, ಲಾಠಿ ಏಟು, ವಿದ್ಯಾರ್ಥಿ ಚಳವಳಿಗಳನ್ನು ಜನ ಲೈಬ್ರರಿಯಿಂದ ಬಾಡಿಗೆಗೆ ತಂದು ನೋಡಿದರು. ಭಾರತದ ಖಾಸಗಿ ಟಿ.ವಿ. ಪತ್ರಿಕೋದ್ಯಮದ ಬೇರು ಈ ಕಪ್ಪು ಡಬ್ಬಿಯಲ್ಲಿದೆ ಎನ್ನುವುದನ್ನು ಇಂದಿನ ಸುದ್ದಿವಾಹಿನಿಗಳ ನಡುವೆ ನಾವು ಮರೆತಿದ್ದೇವೆ.

1990ರ ದಶಕದಲ್ಲಿ ಕೇಬಲ್ ಬಂತು, ದಶಕದ ಕೊನೆಗೆ ವಿಸಿಡಿ, ಬೆನ್ನಿಗೇ ಡಿವಿಡಿ. ಲೈಬ್ರರಿಗಳು ಒಂದೊಂದಾಗಿ ಮೊಬೈಲ್ ಅಂಗಡಿಗಳಾದವು. ಸೋನಿ 2002ರಲ್ಲಿ ಬೀಟಾ ಯಂತ್ರವನ್ನೂ 2016ರ ಮಾರ್ಚ್‌ನಲ್ಲಿ ಬೀಟಾ ಕ್ಯಾಸೆಟ್ಟನ್ನೂ ನಿಲ್ಲಿಸಿತು. ವಿಎಚ್‌ಎಸ್ ಯಂತ್ರ ಮಾಡುತ್ತಿದ್ದ ಕೊನೆಯ ದೊಡ್ಡ ಕಂಪನಿ ಜಪಾನಿನ ಫುನಾಯ್. 2015ರಲ್ಲೂ ಅದು ಏಳೂವರೆ ಲಕ್ಷ ಯಂತ್ರ ಮಾರಿತ್ತು. ಬಿಡಿಭಾಗಗಳೇ ಸಿಗದೆ 2016ರ ಜುಲೈಯಲ್ಲಿ ಕೈಬಿಟ್ಟಿತು.

ಬೇರೆಲ್ಲೂ ಇಲ್ಲದ ಪ್ರತಿ

ಹಳೆಯ ಕ್ಯಾಸೆಟ್ಟುಗಳೆಲ್ಲ ಒಂದೇ ಬೆಲೆಯವಲ್ಲ. ಕಂಪನಿಯ ಮುದ್ರಿತ ಚೀಟಿ ಅಂಟಿಸಿದ ಸಿನಿಮಾ ಕ್ಯಾಸೆಟ್ಟಿಗೆ ಸಾವಿರಾರು ಜೊತೆಗಾರರಿದ್ದಾರೆ. ಆ ಚಿತ್ರ ಇಂದು ಬೇರೆ ರೂಪದಲ್ಲಿ ಸಿಗುವ ಸಾಧ್ಯತೆಯೂ ಹೆಚ್ಚು. ಬಾಲ್‌ಪೆನ್ನಿನಲ್ಲಿ ಹೆಸರು ಬರೆದ ಕ್ಯಾಸೆಟ್ಟಿಗೆ ಜೊತೆಗಾರರಿಲ್ಲ. ಮದುವೆಯದಾದರೆ ಹೆಚ್ಚೆಂದರೆ ಹುಡುಗಿಯ ಮನೆಗೊಂದು, ಹುಡುಗನ ಮನೆಗೊಂದು.

ಮದುವೆ ವಿಡಿಯೋವನ್ನು ಹಗುರವಾಗಿ ಕಾಣುವವರಿದ್ದಾರೆ. ಹ್ಯಾಲೊಜನ್ ದೀಪದ ಝಳ, ಮಿಕ್ಸಿಂಗಿನಲ್ಲಿ ಹೃದಯದೊಳಗೆ ತೇಲುವ ವಧೂವರರು, ಹಿನ್ನೆಲೆಗೆ ಸಿನಿಮಾ ಹಾಡು ಎಂದು. ನನಗೆ ಹಾಗೆ ಅನ್ನಿಸುವುದಿಲ್ಲ. ಭುಜದ ಮೇಲೆ ಭಾರದ ಕ್ಯಾಮೆರಾ ಹೊತ್ತವನು ಊಟದ ಪಂಕ್ತಿಯ ಉದ್ದಕ್ಕೂ ನಡೆದು ಪ್ರತಿ ಎಲೆಯ ಮುಂದೆ ಒಂದು ಕ್ಷಣ ನಿಂತಿದ್ದಾನೆ. ಫೋಟೋ ತೆಗೆಸಿಕೊಳ್ಳುವ ಅಭ್ಯಾಸವೇ ಇಲ್ಲದ ಅಜ್ಜಿ ಅಲ್ಲಿ ನಡೆಯುತ್ತಾಳೆ, ಯಾರನ್ನೋ ಗದರುತ್ತಾಳೆ. ಆ ಕಾಲದ ಸೋಬಾನೆ, ಬಡಿಸುವ ಕ್ರಮ, ಸೀರೆ ಉಟ್ಟ ಬಗೆ, ಜಾತಿಜಾತಿಗೆ ಬೇರೆಯಾದ ಶಾಸ್ತ್ರಗಳು, ಈಗ ಯಾರೂ ಆಡದ ಮಾತಿನ ಧಾಟಿ ಎಲ್ಲವೂ ಅಲ್ಲಿವೆ. 1985ರಿಂದ 2005ರವರೆಗಿನ ಕನ್ನಡ ನಾಡಿನ ದಿನನಿತ್ಯದ ಬದುಕು ಚಲಿಸುವ ಚಿತ್ರದಲ್ಲಿ ಇಷ್ಟು ವಿಸ್ತಾರವಾಗಿ ಬೇರೆಲ್ಲೂ ದಾಖಲಾಗಿಲ್ಲ.

ಯಕ್ಷಗಾನದ ಮಾತನ್ನೂ ಹೇಳಬೇಕು. 1990ರಲ್ಲಿ ಎಳೆಯ ವಯಸ್ಸಿನಲ್ಲೇ ಅಪಘಾತಕ್ಕೆ ಬಲಿಯಾದ ಭಾಗವತ ಗುಂಡ್ಮಿ ಕಾಳಿಂಗ ನಾವಡ, 2006ರಲ್ಲಿ ತೀರಿಕೊಂಡ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟ, 2009ರಲ್ಲಿ ಹೋದ ವೇಷಧಾರಿ ಕೆರೆಮನೆ ಶಂಭು ಹೆಗಡೆ ಇವರೆಲ್ಲ ರಂಗದಲ್ಲಿದ್ದ ಕಾಲ ವಿಡಿಯೋ ಕ್ಯಾಸೆಟ್ಟಿನ ಕಾಲದೊಡನೆ ಬೆರೆತಿದೆ. ಆಟ, ತಾಳಮದ್ದಳೆ ಒಂದು ರಾತ್ರಿ ಆದಂತೆ ಇನ್ನೊಂದು ರಾತ್ರಿ ಆಗುವುದಿಲ್ಲ. ಅರ್ಥಗಾರಿಕೆ ಆ ಹೊತ್ತಿಗೆ ಹುಟ್ಟುವಂಥದ್ದು. ಅಭಿಮಾನಿಯೊಬ್ಬನ ಮನೆಯಲ್ಲಿ ಉಳಿದ ಕ್ಯಾಸೆಟ್ಟೇ ಆ ರಾತ್ರಿಯ ಒಂದೇ ಸಾಕ್ಷಿಯಾಗಿರಬಹುದು.

ವಿದ್ವಾಂಸರಿಗೆ ಇದರ ಬೆಲೆ ಗೊತ್ತಿತ್ತು. ಉಜಿರೆ ಸಮೀಪದ ಮಾಚಾರಿನ ಗೋಪಾಲ ನಾಯ್ಕರು ಹಾಡಿದ ತುಳುವಿನ ಸಿರಿ ಮಹಾಕಾವ್ಯವನ್ನು 1990ರ ಡಿಸೆಂಬರ್‌ನಲ್ಲಿ ಫಿನ್ಲೆಂಡಿನ ಲೌರಿ ಹೊಂಕೊ, ನಮ್ಮವರೇ ಆದ ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರು ಸೇರಿ ಧ್ವನಿಯಲ್ಲೂ ವಿಡಿಯೋದಲ್ಲೂ ದಾಖಲಿಸಿದರು. 15,683 ಸಾಲುಗಳ ಆ ಪಠ್ಯ 1998ರಲ್ಲಿ ಅಚ್ಚಾಯಿತು. ಅಚ್ಚಾದದ್ದು ಪದ. ಹಾಡುವಾಗಿನ ಮುಖ, ಕೈ, ಉಸಿರು ಉಳಿಯಬೇಕಾದರೆ ಟೇಪು ಉಳಿಯಬೇಕು.

ಬೇರೆಲ್ಲೂ ಉಳಿಯದ್ದು ಮನೆಯ ಟೇಪಿನಲ್ಲಿ ಉಳಿದದ್ದು ಹೊರನಾಡಿನಲ್ಲೂ ಉಂಟು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮ್ಯಾರಿಯನ್ ಸ್ಟೋಕ್ಸ್ ಎಂಬ ಹೆಂಗಸು 1970ರ ದಶಕದ ಕೊನೆಯಿಂದ 2012ರಲ್ಲಿ ತೀರಿಕೊಳ್ಳುವವರೆಗೆ ಮನೆಯಲ್ಲಿ ಹಲವು ವಿಸಿಆರ್ ಇಟ್ಟುಕೊಂಡು ಹಗಲೂ ರಾತ್ರಿ ಟಿ.ವಿ. ಸುದ್ದಿ ಹಿಡಿದರು. ಸುಮಾರು 70 ಸಾವಿರ ಕ್ಯಾಸೆಟ್. ಚಾನೆಲ್‌ಗಳೇ ಉಳಿಸಿಕೊಳ್ಳದ ಸುದ್ದಿ ಅದರಲ್ಲಿತ್ತು. ಅವರ ಸಂಗ್ರಹ ಈಗ ಇಂಟರ್ನೆಟ್ ಆರ್ಕೈವ್ ಸಂಸ್ಥೆಯ ಕೈಯಲ್ಲಿದೆ. ಬದುಕಿದ್ದಾಗ ಅವರ ಈ ಕೆಲಸ ಹೊರಗಿನವರಿಗೆ ಹುಚ್ಚಿನಂತೆಯೇ ಕಂಡಿತ್ತು.

ಟೇಪಿಗೆ ಬೂಷ್ಟು, ಯಂತ್ರಕ್ಕೆ ಮುಪ್ಪು

ಹಿಂದೆ ಹೇಳಿದ ಅಂಟು ನೀರಿನಂಶಕ್ಕೆ ಸೋಲುತ್ತದೆ. ಗಾಳಿಯ ತೇವ ಹೀರಿ ಮೆಲ್ಲಗೆ ಒಡೆಯುತ್ತದೆ, ಟೇಪು ಜಿಗುಟಾಗುತ್ತದೆ, ಓಡುವಾಗ ಕಬ್ಬಿಣದ ಪುಡಿ ಉದುರಿ ಹೆಡ್ಡಿಗೆ ಮೆತ್ತುತ್ತದೆ. ಉದುರಿದ ಪುಡಿಯೊಂದಿಗೆ ಚಿತ್ರವೂ ಹೋಯಿತು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಇನ್ನೂ ದೊಡ್ಡ ಶತ್ರು ಬೂಷ್ಟು. ಕ್ಯಾಸೆಟ್ಟಿನ ಕಿಟಕಿಯಲ್ಲಿ ಸುರುಳಿಯ ಮೇಲೆ ಬಿಳಿ ಪುಡಿ, ಬಿಳಿ ಬಲೆ ಕಂಡರೆ ಅದೇ. ಅಂಥದ್ದನ್ನು ‘ಒಮ್ಮೆ ನೋಡೋಣ’ ಎಂದು ಯಂತ್ರಕ್ಕೆ ತಳ್ಳಬಾರದು. ಟೇಪು ಹರಿಯಬಹುದು, ಬೂಷ್ಟು ಹೆಡ್ಡಿಗೆ ಹತ್ತಿ ಮುಂದೆ ಹಾಕುವ ಪ್ರತಿ ಕ್ಯಾಸೆಟ್ಟಿಗೂ ಅಂಟೀತು.

ಟೇಪಿನ ಆಯುಸ್ಸನ್ನು ಸಾಮಾನ್ಯವಾಗಿ ಹತ್ತರಿಂದ ಮೂವತ್ತು ವರ್ಷವೆನ್ನುತ್ತಾರೆ. ಒಣಗಿದ, ತಂಪಾದ ಕಡೆ ನೆಟ್ಟಗೆ ನಿಲ್ಲಿಸಿಟ್ಟ ಕ್ಯಾಸೆಟ್ಟುಗಳು ಇದನ್ನು ಮೀರಿಯೂ ಚೆನ್ನಾಗಿ ಓಡುವುದುಂಟು. ಹೆಂಚಿನ ಮನೆಯ ಅಟ್ಟ ಬೇಸಿಗೆಯಲ್ಲಿ ಕಾದು ಮಳೆಗಾಲದಲ್ಲಿ ಒದ್ದೆಯಾಗುವ ಜಾಗ. ಅದಕ್ಕಿಂತ ಕೆಟ್ಟ ಜಾಗವಿಲ್ಲ.

ಟೇಪು ಬದುಕಿದ್ದರೂ ಯಂತ್ರ ಬದುಕಿರಬೇಕಲ್ಲ. ವಿಸಿಆರಿನ ರಬ್ಬರ್ ಬೆಲ್ಟು ಸಡಿಲವಾಗುತ್ತದೆ, ಟೇಪನ್ನು ಒತ್ತಿ ಹಿಡಿಯುವ ರೋಲರ್ ಕಲ್ಲಾಗುತ್ತದೆ, ಹೆಡ್ಡು ಸವೆಯುತ್ತದೆ. ಹೊಸ ಬಿಡಿಭಾಗ ಮಾಡುವವರಿಲ್ಲ. ಒಂದು ಯಂತ್ರ ಕೆಟ್ಟರೆ ಇನ್ನೊಂದನ್ನು ಕಳಚಿ ಸರಿಪಡಿಸಬೇಕು. ಕಿವಿಯಿಂದಲೇ ಯಾವ ಗಾಲಿ ಕೆಟ್ಟಿದೆಯೆಂದು ಹೇಳಬಲ್ಲ ಮೆಕ್ಯಾನಿಕ್ಕುಗಳಿಗೆ ಈಗ ಅರವತ್ತು ದಾಟಿದೆ. ಆಸ್ಟ್ರೇಲಿಯಾದ ರಾಷ್ಟ್ರೀಯ ಸಿನಿಮಾ ಮತ್ತು ಧ್ವನಿ ಸಂಗ್ರಹಾಲಯ 2015ರಲ್ಲೇ ಎಚ್ಚರಿಕೆ ಕೊಟ್ಟಿತ್ತು: 2025ರೊಳಗೆ ಡಿಜಿಟಲ್ ರೂಪಕ್ಕೆ ನಕಲಾಗದ ಟೇಪು ಬಹುಪಾಲು ಕಳೆದುಹೋದಂತೆಯೇ ಎಂದು. 2019ರಲ್ಲಿ ಯುನೆಸ್ಕೊ ಕೂಡ ಅದೇ ಗಂಟೆ ಬಾರಿಸಿತು. ಆ 2025 ಬಂದೂ ಹೋಯಿತು.

ನಕಲು ಮಾಡಿಸುವ ಮುನ್ನ

ಮೊದಲು ಯಾವ ಜಾತಿಯ ಕ್ಯಾಸೆಟ್ಟೆಂದು ಗುರುತಿಸಿಕೊಳ್ಳಿ. ಪುಸ್ತಕದಷ್ಟು ದೊಡ್ಡದು, 187 ಮಿಲಿಮೀಟರ್ ಉದ್ದದ್ದು ವಿಎಚ್‌ಎಸ್. ಅದಕ್ಕಿಂತ ಚಿಕ್ಕದು, 156 ಮಿಲಿಮೀಟರಿನದು ಬೀಟಾ. ಅಂಗೈಯಲ್ಲಿ ಹಿಡಿಸುವುದು ವಿಎಚ್‌ಎಸ್-ಸಿ. ಇದನ್ನು ಅಡಾಪ್ಟರಿನೊಳಗೆ ಕೂರಿಸಿ ಮಾಮೂಲಿ ವಿಸಿಆರಿನಲ್ಲೇ ಓಡಿಸಬಹುದು. ಆಡಿಯೋ ಕ್ಯಾಸೆಟ್ಟಿನಷ್ಟಿರುವುದು 1985ರಲ್ಲಿ ಬಂದ ವಿಡಿಯೋ 8 ಇಲ್ಲವೇ 1989ರ ಹೈ 8. ಇವಕ್ಕೆ ಹಳೆಯ ಹ್ಯಾಂಡಿಕ್ಯಾಮೇ ಬೇಕು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು 1995ರ ಮಿನಿ ಡಿವಿ. ಇದರಲ್ಲಿರುವುದು ಡಿಜಿಟಲ್ ದತ್ತಾಂಶ. ಫೈರ್‌ವೈರ್ ಕೇಬಲ್ಲಿನಿಂದ ತೆಗೆದರೆ ಒಂದಿಷ್ಟೂ ಮಾಸದೆ ಬರುತ್ತದೆ. ಹಳದಿ ಪಿನ್ನಿನ ಕೇಬಲ್ಲಿನಿಂದ ಇದನ್ನು ತೆಗೆದುಕೊಡುವ ಸ್ಟುಡಿಯೋಗೆ ಕೊಡಬೇಡಿ.

ವಿಎಚ್‌ಎಸ್ ನಕಲಿಗೆ ಅಡ್ಡದಾರಿಯಿಲ್ಲ. ಮೂರು ಗಂಟೆಯ ಕ್ಯಾಸೆಟ್ಟು ಮೂರು ಗಂಟೆ ಓಡಲೇಬೇಕು. ವಿಸಿಆರಿನಿಂದ ಹಳದಿ, ಕೆಂಪು, ಬಿಳಿ ಕೇಬಲ್ಲು ಒಂದು ಸಣ್ಣ ಯುಎಸ್‌ಬಿ ಉಪಕರಣಕ್ಕೆ, ಅಲ್ಲಿಂದ ಕಂಪ್ಯೂಟರಿಗೆ. ವರ್ಷಗಟ್ಟಲೆ ಮುಟ್ಟದ ಕ್ಯಾಸೆಟ್ಟನ್ನು ಒಮ್ಮೆ ಪೂರ್ತಿ ಮುಂದಕ್ಕೂ ಹಿಂದಕ್ಕೂ ಸುತ್ತಿಸಿ ಆಮೇಲೆ ಓಡಿಸಿದರೆ ಒಳ್ಳೆಯದು. ಅಮೆರಿಕದ ನೆಂಟರು ಕಳಿಸಿದ ಕ್ಯಾಸೆಟ್ಟು ಎನ್‌ಟಿಎಸ್‌ಸಿ ಪದ್ಧತಿಯದಿರುತ್ತದೆ, ನಮ್ಮ ಎಲ್ಲ ಯಂತ್ರಗಳಲ್ಲೂ ಬಾರದು. ಹಿಂಬದಿಯ ಪುಟ್ಟ ಪ್ಲಾಸ್ಟಿಕ್ ಚಿಪ್ಪು ಮುರಿದಿಲ್ಲವಾದರೆ ಈಗಲೇ ಮುರಿದುಬಿಡಿ. ಅಪ್ಪಿತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಮೇಲೆ ಬೇರೆ ದಾಖಲಾಗುವುದಿಲ್ಲ.

ಸ್ಟುಡಿಯೋದವರು ಕೊಟ್ಟ ಫೈಲನ್ನು ಮೊದಲಿನಿಂದ ಕೊನೆಯವರೆಗೆ ನೋಡಿ. ಗಂಟೆಗೆ 2 ಜಿಬಿಯಷ್ಟಾದರೂ ಇರಲಿ. ವಾಟ್ಸ್‌ಆ್ಯಪಿಗೆ ಕಳಿಸಲೆಂದು ಹಿಂಡಿದ ಪ್ರತಿಯನ್ನೇ ಮೂಲವೆಂದು ಇಟ್ಟುಕೊಳ್ಳಬೇಡಿ. ಎರಡು ಕಡೆ ಉಳಿಸಿ. ಜೊತೆಗೆ ಮನೆಯ ಹಿರಿಯರನ್ನು ಕೂರಿಸಿಕೊಂಡು ಯಾರು ಯಾರೆಂದು ಕೇಳಿ ಬರೆದುಕೊಳ್ಳಿ. ಹೆಸರು ಗೊತ್ತಿರುವವರು ಇರುವಾಗಲೇ ಆಗಬೇಕಾದ ಕೆಲಸವಿದು. ಯಾವ ಯಂತ್ರವೂ ಆಮೇಲೆ ಮಾಡಿಕೊಡದು. ಆಟ, ಕೋಲ, ಜಾತ್ರೆ, ಭಾಷಣಗಳ ಕ್ಯಾಸೆಟ್ಟುಗಳಿದ್ದರೆ ಉಡುಪಿಯ ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದಂಥ ಕಡೆ ಅಥವಾ ಹತ್ತಿರದ ವಿಶ್ವವಿದ್ಯಾಲಯದ ಜಾನಪದ ವಿಭಾಗದಲ್ಲಿ ವಿಚಾರಿಸಿ ನೋಡಬೇಕು.

ಗುಜರಿಯವರು ಬೇಡವೆಂದಾಗ

ಇಷ್ಟಾದ ಮೇಲೂ ಉಳಿಯುವ ರಾಶಿಯನ್ನು ಏನು ಮಾಡುವುದು? ಗುಜರಿ ಅಂಗಡಿಯವರು ಕ್ಯಾಸೆಟ್ ನೋಡಿ ಬೇಡವೆಂದು ತಲೆಯಾಡಿಸುತ್ತಾರೆ, ಅದಕ್ಕೆ ಕಾರಣವಿದೆ. ಡಬ್ಬಿ ಒಂದು ಬಗೆಯ ಪ್ಲಾಸ್ಟಿಕ್, ಸಾಮಾನ್ಯವಾಗಿ ಪಾಲಿಸ್ಟೈರೀನ್ ಅಥವಾ ಎಬಿಎಸ್. ಟೇಪು ಇನ್ನೊಂದು ಬಗೆಯದು, ಅದರ ಮೇಲೆ ಲೋಹದ ಪುಡಿಯ ಲೇಪ. ಒಳಗೆ ಉಕ್ಕಿನ ಸ್ಕ್ರೂ, ಸ್ಪ್ರಿಂಗು, ಕಂಬಿ. ಬಿಡಿಸುವ ಕೂಲಿ ಹುಟ್ಟುವುದಿಲ್ಲ. ಇಡಿಯಾಗಿ ಪುಡಿಮಾಡುವ ಯಂತ್ರಕ್ಕೆ ಹಾಕಿದರೆ ಕಾಲು ಕಿಲೋಮೀಟರ್ ರೀಲು ಅಚ್ಚಿಗೆ ಸುತ್ತಿಕೊಂಡು ಯಂತ್ರವೇ ನಿಲ್ಲುತ್ತದೆ.

ಸುಡುವುದಂತೂ ಕೂಡದು. ಪಾಲಿಸ್ಟೈರೀನ್ ದಟ್ಟ ಕರಿಹೊಗೆ ಬಿಡುತ್ತದೆ. ಕೆಲವು ಟೇಪುಗಳ ಅಂಟಿನಲ್ಲಿ ಕ್ಲೋರಿನ್ ಸೇರಿದ ಪ್ಲಾಸ್ಟಿಕ್ಕೂ ಇದ್ದು, ಸುಟ್ಟಾಗ ಅದರಿಂದ ಉಸಿರಿಗೆ ವಿಷವಾಗುವ ಅನಿಲ ಬರುತ್ತದೆ. ಕಬ್ಬಿಣದ ಪುಡಿಗೆ ಬೆರೆಸಿದ ಕೋಬಾಲ್ಟ್, ಕೆಲವು ಟೇಪುಗಳಲ್ಲಿ ಕ್ರೋಮಿಯಂ, ಬೂದಿಯಲ್ಲಿ ಉಳಿಯುತ್ತವೆ. ಬಯಲಲ್ಲಿ ಕಸ ಸುಡುವುದು ಘನತ್ಯಾಜ್ಯ ನಿಯಮಗಳ ಪ್ರಕಾರ ಅಪರಾಧವೂ ಹೌದು.

ಜೋಳ, ಸೂರ್ಯಕಾಂತಿ, ಭತ್ತದ ಹೊಲಗಳಲ್ಲಿ ಹಕ್ಕಿ ಬೆದರಿಸಲು ಕ್ಯಾಸೆಟ್ ರೀಲು ಕಟ್ಟುವುದನ್ನು ನೀವು ನೋಡಿರಬಹುದು. ಗಾಳಿಗೆ ಗುಂಯ್‌ಗುಡುತ್ತದೆ, ಬಿಸಿಲಿಗೆ ಮಿಂಚುತ್ತದೆ, ಕೆಲವು ದಿನ ಹಕ್ಕಿ ಹೆದರುವುದೂ ನಿಜ. ರೈತನ ಜಾಣ್ಮೆಗೆ ಮೆಚ್ಚುಗೆಯಿದೆ. ಆದರೆ ಸುಗ್ಗಿ ಮುಗಿದ ಮೇಲೆ ಬಿಚ್ಚದೆ ಬಿಟ್ಟ ರೀಲು ಚೂರುಚೂರಾಗಿ ಮಣ್ಣಿಗಿಳಿಯುತ್ತದೆ, ಮೇವಿನ ಜೊತೆ ದನದ ಹೊಟ್ಟೆಗೆ ಹೋಗುತ್ತದೆ, ಹಕ್ಕಿಯ ಕಾಲಿಗೆ ಸುತ್ತುತ್ತದೆ. ಕಟ್ಟುವುದಾದರೆ ಕಟಾವಿಗೆ ಮುಂಚೆ ಬಿಚ್ಚಿ ತೆಗೆಯಲೇಬೇಕು.

ಮನೆಯಲ್ಲೇ ಮಾಡಬಹುದಾದದ್ದು ಇಷ್ಟು. ಕ್ಯಾಸೆಟ್ಟಿನ ತಳದ ಐದು ಸ್ಕ್ರೂ ಬಿಚ್ಚಿದರೆ ಡಬ್ಬಿ ಎರಡು ಹೋಳಾಗುತ್ತದೆ. ಸುರುಳಿಗಳನ್ನು ಹೊರತೆಗೆದು, ಖಾಸಗಿ ದೃಶ್ಯಗಳಿದ್ದರೆ ಕತ್ತರಿಯಿಂದ ಹಲವು ಕಡೆ ಕತ್ತರಿಸಿ. ಮನೆಯ ಆಯಸ್ಕಾಂತ ಉಜ್ಜಿದರೆ ಎಲ್ಲವೂ ಅಳಿಯುತ್ತದೆಂದು ನಂಬಬೇಡಿ. ಬಿಡಿಸಿದ ಗಟ್ಟಿ ಪ್ಲಾಸ್ಟಿಕ್ಕನ್ನು ಒಣತ್ಯಾಜ್ಯ ಸಂಗ್ರಹಣ ಕೇಂದ್ರದವರು ತೆಗೆದುಕೊಳ್ಳುವ ಸಾಧ್ಯತೆ ಹೆಚ್ಚು, ಲೋಹ ಗುಜರಿಗೆ. ಟೇಪನ್ನು ಬಿಡಿಯಾಗಿ ಹಾಕದೆ ಗಂಟು ಕಟ್ಟಿ ಬೇರೆಯೇ ಕೊಡಿ. ಮರುಬಳಕೆಗೆ ಬಾರದ ಇಂಥ ಪ್ಲಾಸ್ಟಿಕ್ಕಿಗೆ ಸದ್ಯ ಇರುವ ದಾರಿ ಸಿಮೆಂಟ್ ಕುಲುಮೆ. ಕಲಬುರಗಿ ಜಿಲ್ಲೆಯ ವಾಡಿಯಂಥ ಕಡೆ ಸಿಮೆಂಟ್ ಕಾರ್ಖಾನೆಗಳು ಕಲ್ಲಿದ್ದಲಿನ ಜೊತೆ ಇದನ್ನೂ ಉರಿಸುತ್ತವೆ. ಸುಮಾರು 1,450 ಡಿಗ್ರಿ ಶಾಖದಲ್ಲಿ ಪ್ಲಾಸ್ಟಿಕ್ ಪೂರ್ತಿ ಉರಿದುಹೋಗುತ್ತದೆ, ಕಬ್ಬಿಣದ ಆಕ್ಸೈಡ್ ಸಿಮೆಂಟಿನಲ್ಲೇ ಸೇರುತ್ತದೆ. ಇದು ಅತ್ಯುತ್ತಮ ದಾರಿ ಎಂದು ನಾನು ಹೇಳಲಾರೆ. ಚರಂಡಿ, ಕೆರೆಯಂಚು, ರಸ್ತೆಬದಿಯ ಬೆಂಕಿಗಿಂತ ಎಷ್ಟೋ ಮೇಲು.

ವಿಸಿಆರಿನ ದಾರಿ ಬೇರೆ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ವಿಡಿಯೋ ರೆಕಾರ್ಡರ್ ಸೇರಿದೆ. ಅದನ್ನು ಪರವಾನಗಿ ಪಡೆದ ಮರುಬಳಕೆ ಘಟಕಕ್ಕೆ ಒಪ್ಪಿಸಬೇಕು. ಈ ಬಗೆಯ ಘಟಕಗಳಲ್ಲಿ ದೇಶಕ್ಕೇ ಮೊದಲನೆಯದು 2005ರಲ್ಲಿ ನಮ್ಮ ದಾಬಸ್‌ಪೇಟೆಯಲ್ಲಿ ಶುರುವಾದ ಇ-ಪರಿಸರ. ಆದರೆ ಓಡುವ ಸ್ಥಿತಿಯಲ್ಲಿರುವ ವಿಸಿಆರನ್ನು ಅಲ್ಲಿಗೂ ಅವಸರದಲ್ಲಿ ಕಳಿಸಬೇಡಿ. ನಿಮ್ಮ ಕ್ಯಾಸೆಟ್ಟುಗಳೆಲ್ಲ ನಕಲಾದ ಮೇಲೆ ನೆಂಟರಿಷ್ಟರನ್ನು, ಊರಿನ ಸ್ಟುಡಿಯೋದವರನ್ನು, ಹತ್ತಿರದ ಕಾಲೇಜನ್ನು ಕೇಳಿ. ಕ್ಯಾಸೆಟ್ಟುಗಳಿದ್ದು ಯಂತ್ರವಿಲ್ಲದವರು ಅವರಲ್ಲಿ ಯಾರಾದರೂ ಇದ್ದೇ ಇರುತ್ತಾರೆ. ಪೂರ್ತಿ ಕೆಟ್ಟ ಯಂತ್ರವನ್ನೂ ಮೊದಲು ಹಳೆಯ ಮೆಕ್ಯಾನಿಕ್ಕಿಗೆ ತೋರಿಸಿ. ಅದರ ಒಂದು ಬೆಲ್ಟು, ಒಂದು ರೋಲರು, ಒಂದು ಹೆಡ್ಡು ಅವರ ಮೇಜಿನ ಮೇಲೆ ಬಿಚ್ಚಿಟ್ಟ ಇನ್ನೊಂದು ಯಂತ್ರಕ್ಕೆ ಬೇಕಾಗಿರುತ್ತದೆ.